ಯಶವಂತಪುರದಲ್ಲಿ ಇನ್ಸ್‌ಪೆಕ್ಟರ್ ಕಾಲರ್ ಹಿಡಿದ ಹೆಂಗಸು

ಗೆಳೆಯರೇ, ಇವತ್ತು ಯಶವಂತಪುರ ಮಾರುಕಟ್ಟೆಯಲ್ಲಿ ಇನ್ಸ್‌ಪೆಕ್ಟರ್ ವೇಷದಲ್ಲಿದ್ದ ನನ್ನನ್ನು ಜನ ಸುತ್ತುವರಿದರು. ನಮ್ಮ ಸಿನಿಮಾಕ್ಕೆ ಬಾಡಿಗೆ ಜನರನ್ನು ಕರೆಸುವ ಶಕ್ತಿ ಇಲ್ಲ. ಅದಕ್ಕೇ ನಿರ್ದೇಶಕರು ಮೆಟಡಾರ್ ವ್ಯಾನಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು, ಕಳ್ಳನ ಪಾತ್ರದ ರಮೇಶನನ್ನು ಸಂತೆಯ ನಡುವೆಯೇ ಎಳೆದುಕೊಂಡು ಬಾ ಎಂದಿದ್ದರು.

ಎಳೆಯುತ್ತಿದ್ದಂತೆ ಈರುಳ್ಳಿ ಮಾರುವ ಹೆಂಗಸೊಬ್ಬರು ಎದ್ದು ಬಂದು ನನ್ನ ಕಾಲರ್ ಹಿಡಿದರು. "ಯಾವ ಸ್ಟೇಷನ್ ನಿಂದು? ಎದೆ ಮೇಲೆ ಹೆಸ್ರೇ ಇಲ್ವಲ್ಲ?"

"ಇದು ಸಿನಿಮಾ ಕಣಮ್ಮಾ," ಎಂದೆ.

"ಹೋದ್ ವಾರ ನನ್ ತಮ್ಮನ್ನ ಎಳ್ಕೊಂಡ್ ಹೋದೋರು ಪೊಲೀಸ್ ಅಂದ್ರು. ಸ್ಟೇಷನ್‌ನಲ್ಲಿ ಕೇಳಿದ್ರೆ ನಮ್ಮೋರಲ್ಲ ಅಂತಾರೆ. ಇವತ್ತು ನೀನು ಸಿನಿಮಾ ಅಂತೀಯ!"

ನಾನು ವ್ಯಾನಿನ ಕಡೆ ಕೈ ಬೀಸಿದೆ. ನಿರ್ದೇಶಕರು ರೀಲು ಮುಗಿಯುವ ತನಕ ವ್ಯಾನಿನಿಂದ ಇಳಿಯಲೇ ಇಲ್ಲ. ಕ್ಯಾಮೆರಾ ಹೊತ್ತು ಅವರು ಬಂದ ಮೇಲೆಯೇ ಆಕೆ ಕಾಲರ್ ಬಿಟ್ಟಿದ್ದು.

"ಪೊಲೀಸ್ ಸಿನಿಮಾ ನಿಲ್ಲೋದೇ ಇಂಥ ಅನುಮಾನದ ಮೇಲೆ ಗುರು. ಬಾಡಿಗೆ ಜನದ ಹತ್ರ ಈ ಮುಖ ಸಿಗಲ್ಲ," ಎಂದು ನಿರ್ದೇಶಕರು ನನ್ನ ಕಿವಿಯಲ್ಲಿ ಹೇಳಿ ಹಿಗ್ಗಿದರು. ಆಕೆಯ ತಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಕೆ ಮಾತ್ರ ರಮೇಶನತ್ತ ತಿರುಗಿ, "ನೀನ್ ಹೇಳಪ್ಪಾ, ಇವ್ರು ನಿಜವಾಗ್ಲೂ ಸಿನಿಮಾದೋರಾ?" ಎಂದರು.

ಹೌದು ಅನ್ನುವ ಮೊದಲು ನಮ್ಮ ರಮೇಶನೇ ಒಂದು ಸಲ ನನ್ನ ಲಾಠಿಯ ಕಡೆ ನೋಡಿದ.