ನೀರು ಹೊತ್ತಿಗೆ ಬಿತ್ತು

ಡಾಕ್ಟರ್ ಬೋಜಪ್ಪನವರ ಹೆಸರೆತ್ತಿದರೆ ಗಂಗಣ್ಣನಿಗೆ ಇವತ್ತಿಗೂ ಮೈ ಉರಿಯುತ್ತದೆ. ಬೈದಿದ್ದರೆ ಮರೆತುಬಿಡುತ್ತಿದ್ದ. ಅವರು ನಗುತ್ತ ಬೆನ್ನು ತಟ್ಟಿ, "ಒಂಚೂರು ಹಿಂದೆಮುಂದೆ ಆದ್ರೇನು ಗಂಗಣ್ಣ, ಪತ್ರ ಪತ್ರವೇ ತಾನೆ?" ಅಂದಿದ್ದರು.

ಸೋಮವಾರಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡೇ ಮಗಳು ಸೌಜನ್ಯಳನ್ನು ಎಂಬಿಬಿಎಸ್ ಓದಿಸಿದವನು ಗಂಗಣ್ಣ. ಅವಳು ಅಮೆರಿಕದ ಪರೀಕ್ಷೆಗಳನ್ನೂ ಪಾಸು ಮಾಡಿದಳು. ಅಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತಜ್ಞೆಯಾಗುವ ಸೀಟು ಸಿಗಬೇಕಾದರೆ, ತನ್ನ ಕೆಲಸ ಕಣ್ಣಾರೆ ಕಂಡ ದೊಡ್ಡ ಡಾಕ್ಟರುಗಳ ಶಿಫಾರಸು ಪತ್ರ ಬೇಕು. ಹೊರದೇಶದಲ್ಲಿ ಓದಿದವರತ್ತ ಮೊದಲೇ ಅಲ್ಲಿನ ಆಸ್ಪತ್ರೆಗಳವರ ಕಣ್ಣು ಹರಿಯುವುದು ಕಡಿಮೆ; ಸೆಪ್ಟೆಂಬರ್ ಕೊನೆಗೆ ಅರ್ಜಿ ನೋಡಲು ಕೂತಾಗ ಪತ್ರ ಇಲ್ಲದಿದ್ದರೆ ಪಕ್ಕಕ್ಕೆ ಸರಿಸಿಬಿಡುತ್ತಾರೆ. ವಾರ್ಡಿನಲ್ಲಿ ಸೌಜನ್ಯಳ ಕೆಲಸವನ್ನು ಹತ್ತಿರದಿಂದ ಕಂಡವರು ಬೋಜಪ್ಪನವರೇ. ಜೂನ್‌ನಲ್ಲೇ ಕೇಳಿದಳು. ಅವರು ಪತ್ರ ಹಾಕಿದ್ದು ನವೆಂಬರ್‌ಗೆ. ಆ ವರ್ಷ ಒಂದು ಇಂಟರ್‌ವ್ಯೂಗೂ ಕರೆ ಬರಲಿಲ್ಲ.

ಮಾರ್ಚ್ ಬಂತು, ಮೊಗ್ಗು ಅರಳಲೆಂದು ಕಾಫಿಗೆ ಹೂವಿನ ನೀರು ಕೊಡುವ ಕಾಲ. ಅರ್ಧ ತೋಟ ನೆನೆಯುವಷ್ಟರಲ್ಲಿ ಬೋಜಪ್ಪನವರ ಕಾಫಿ ಎಸ್ಟೇಟಿನ ಸ್ಪ್ರಿಂಕ್ಲರ್ ಮೋಟಾರ್ ಸುಟ್ಟುಹೋಯಿತು. ಪಿಕಪ್‌ನಲ್ಲಿ ಹೇರಿಕೊಂಡು ಅವರೇ ಬಂದರು.

"ಗಂಗಣ್ಣ, ನಾಳೆಗೆ ಬೇಕೇ ಬೇಕು. ಮೊಗ್ಗು ಒಣಗಿಹೋಗ್ತದೆ."

ಗಂಗಣ್ಣ ಸ್ಪ್ಯಾನರ್ ಒರೆಸುತ್ತಲೇ ಇದ್ದ. "ನವೆಂಬರ್‌ಗೆ ಕೊಡ್ತೀನಿ ಬಿಡಿ ಸಾರ್. ಒಂಚೂರು ಹಿಂದೆಮುಂದೆ ಆದ್ರೇನು, ನೀರು ನೀರೇ ತಾನೆ?"

"ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ?"

"ಇಲ್ವಾ? ಹಂಗಾದ್ರೆ ಬೇರೆ ಅಂಗಡಿ ನೋಡ್ಕಳಿ."

ಅಂಗಡಿ ಹಿಂದಿನ ಮನೆಯಿಂದ ಸೌಜನ್ಯ ಅಪ್ಪನನ್ನು ಒಳಗೆ ಕರೆದಳು. "ಮಾಡಿಕೊಡಪ್ಪ. ಈ ಸಲವೂ ಅವರ ಪತ್ರನೇ ಬೇಕು ನಂಗೆ."

"ಹೋದ ವರ್ಷದ್ದು ಐತಲ್ಲ, ಅದ್ನೇ ಹಾಕು."

"ಹಳೇ ತಾರೀಖು ಕಂಡ್ರೆ, ಹೊಸದಾಗಿ ಬರೆಯೋರೇ ಸಿಗ್ಲಿಲ್ವಾ ಅಂತಾರೆ. ಈಗ್ಲೇ ಬರೆಸಿದ್ರೂ ಹಾಕಕ್ಕಾಗಲ್ಲ, ಈ ಸಲದ ಅರ್ಜಿ ವೆಬ್‌ಸೈಟ್ ತೆರೆಯೋದೇ ಜೂನ್‌ಗೆ."

"ಮುಂಚೆ ಬಂದ್ರೂ ಆಗಲ್ಲ, ತಡ ಆದ್ರೂ ಆಗಲ್ಲ. ಪತ್ರವಾ ಇದು, ಹಾಲಿಗೆ ಹೆಪ್ಪು ಹಾಕೋದಾ?"

ಗೊಣಗುತ್ತಲೇ ತಂತಿ ಸುತ್ತಿದ. ಮರುದಿನ ಮಧ್ಯಾಹ್ನ ಮೋಟಾರ್ ಪಿಕಪ್ ಹತ್ತಿತು. ಡಾಕ್ಟರು ಪರ್ಸ್ ತೆಗೆದಾಗ ಗಂಗಣ್ಣ ಕೈ ಅಡ್ಡ ಹಿಡಿದ.

"ದುಡ್ಡು ಒಳಗೆ ಮಡಗಿ. ಗೌರಿ ಹಬ್ಬದೊಳಗೆ ಪತ್ರ ಹಾಕಿ, ಅಲ್ಲಿಗೆ ಚುಕ್ತಾ."

"ಮಾತು ಅಂದ್ರೆ ಮಾತು," ಅಂದರು ಬೋಜಪ್ಪನವರು.

ಜೂನ್‌ನಲ್ಲಿ ಸೌಜನ್ಯ ನೆನಪಿಸಿದಳು. ಆಗಸ್ಟ್‌ನಲ್ಲಿ ಮತ್ತೆ ನೆನಪಿಸಿದಳು. ಗೌರಿ ಹಬ್ಬವೂ ಕಳೆದಾಗ ಗಂಗಣ್ಣ ಬೈಕ್ ಹತ್ತಿ ಎಸ್ಟೇಟಿಗೇ ಹೋದ. "ಭಾನುವಾರ ಕೂತು ಬರೀತೇನೆ. ಒಳ್ಳೇ ಹುಡುಗಿ, ಚೆನ್ನಾಗಿ ಬರೀಬೇಕಲ್ಲ?" ಅಂದರು ಬೋಜಪ್ಪನವರು. ಆ ಮಾತಿನಲ್ಲಿ ಮೋಸವಿರಲಿಲ್ಲ. ಮೋಸವಿದ್ದಿದ್ದರೆ ಕೊರಳಪಟ್ಟಿಗೆ ಕೈ ಹಾಕಬಹುದಿತ್ತು. ಗಂಗಣ್ಣ ಬೈಕ್ ತಿರುಗಿಸಿಕೊಂಡು ವಾಪಸು ಬಂದ.

ಭಾನುವಾರಗಳು ಬಂದುಹೋದವು. ಸೆಪ್ಟೆಂಬರ್ ಕೊನೆಗೆ ಸೌಜನ್ಯ ಅವರ ಪತ್ರದ ಜಾಗ ಖಾಲಿ ಬಿಟ್ಟೇ ಅರ್ಜಿ ಕಳಿಸಿದಳು.

ದೀಪಾವಳಿ ಆದಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದೀಶ್ ಒಂದು ಕವರ್ ತಂದ. "ವೈಂಡಿಂಗ್ ಕೂಲಿ ಅಣ್ಣ. ಡಾಕ್ಟರು ಯಾರ ಬಾಕಿನೂ ಇಟ್ಕೊಳ್ಳೋರಲ್ಲ."

"ಕಾಫಿ ಕಾಯಿ ಹೆಂಗೈತೆ ಈ ಸಲ?"

"ನೀರು ಹೊತ್ತಿಗೆ ಬಿತ್ತಲ್ಲಣ್ಣ, ಕಾಯಿ ಭಾರಕ್ಕೆ ಕೊಂಬೆ ನೆಲ ಮುಟ್ತಾವೆ."

ಗಂಗಣ್ಣ ಕವರನ್ನು ಮಡಿಸಿ ನಂದೀಶನ ಜೇಬಿಗೇ ತುರುಕಿದ.

"ಹಂಗಾದ್ರೆ ಬಾಕಿ ಇನ್ನೂ ಐತೆ ಅಂತ್ಲೇ ಹೇಳು, ಹೋಗು."