ಕುಸುಬಿ ಎಣ್ಣೆ ಕುಡಿದ ಮೀಟರ್

ಅಮವಾಸ್ಯೆ ಬಂತೆಂದರೆ ಮನಗೂಳಿಯಲ್ಲಿ ಎತ್ತಿಗೆ ಸಿಗುವಷ್ಟೇ ಮರ್ಯಾದೆ ಮೋಟರ್‌ಸೈಕಲ್ಲಿಗೂ ಸಿಗುತ್ತಿದ್ದ ಕಾಲವದು. ತೊಂಬತ್ತರ ದಶಕದ ನಡುವೆ ಇರಬೇಕು, ನಾನು ಆರನೇ ಇಯತ್ತೆಯ ಹುಡುಗಿ. ಅಪ್ಪ ಹಳೇ ಗಾಡಿಯನ್ನು ತೊಳೆದು ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಅವ್ವ ವಿಭೂತಿ ಹಚ್ಚಿ, ಕಾಯಿ ಒಡೆದು, ದೀಪಕ್ಕೆ ತಂದ ಕುಸುಬಿ ಎಣ್ಣೆಯಲ್ಲೇ ಎರಡು ಹನಿಯನ್ನು ವೇಗ ತೋರಿಸುವ ಮೀಟರಿಗೆ ಕೇಬಲ್ ಸೇರುವ ಸಂದಿಗೆ ಬಿಡುತ್ತಿದ್ದಳು. "ಮುಳ್ಳು ಚಲೋ ಓಡ್ಲಿ" ಎನ್ನುತ್ತಿದ್ದಳು. ಬಿಸಿಲಿಗೆ ಕಾದ ಸೀಟು, ಕಾಯಿನೀರು, ಎಣ್ಣೆ ಎಲ್ಲ ಸೇರಿದ ಆ ವಾಸನೆ ನನಗೆ ಈಗಲೂ ಹಬ್ಬದ ವಾಸನೆಯೇ.

ಮುಳ್ಳಿನ ಮೇಲೆ ಅವ್ವನಿಗೆ ಅಷ್ಟು ಕಾಳಜಿ ಇರಲು ಕಾರಣವಿತ್ತು. ಅವಳ ಅಣ್ಣ ಜೋರಾಗಿ ಓಡಿಸಲು ಹೋಗಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮುಳ್ಳು ನಲವತ್ತು ದಾಟಿದರೆ ಇಳಿದುಬಿಡುತ್ತೇನೆ ಎಂದು ಅಪ್ಪನಿಗೆ ಮೊದಲೇ ಹೇಳಿಟ್ಟಿದ್ದಳು. ಝಳಕಿಯ ತವರಿಗೆ ಹೋಗುವಾಗ ಅಪ್ಪನ ಹೆಗಲ ಮೇಲಿಂದ ಒಮ್ಮೆ ಇಣುಕುವಳು. ಮುಳ್ಳು ಮೂವತ್ತೈದರ ಹತ್ತಿರ ಇರುತ್ತಿತ್ತು. ಆಮೇಲೆ ಮಾತೇ ಮಾತು. ಹತ್ತು ಮಂದಿಯ ಮನೆಯಲ್ಲಿ ತಲೆ ತಗ್ಗಿಸಿ ರೊಟ್ಟಿ ಬಡಿಯುವ ಅವ್ವ ಗಾಡಿಯ ಮೇಲೆ ಬೇರೆಯೇ ಹೆಂಗಸು. ಅಪ್ಪನನ್ನು ಕಾಡಿಸುವಳು, ತಾನು ಹುಡುಗಿಯಾಗಿದ್ದಾಗಿನ ಸುದ್ದಿ ಹೇಳುವಳು. ಟಾಂಕಿಯ ಮೇಲೆ ಕುಳಿತ ನನಗೆ ಝಳಕಿ ಇನ್ನೂ ದೂರ ಇರಬಾರದಿತ್ತೇ ಅನಿಸುತ್ತಿತ್ತು.

ಆದರೆ ನನ್ನ ಕಣ್ಣು ಮುಳ್ಳಿನ ಮೇಲೆ. ಗಾಡಿ ನಿಂತ ಮೇಲೂ ಅದು ಸೊನ್ನೆಗೆ ಇಳಿಯುವಷ್ಟರಲ್ಲಿ ಹತ್ತು ಎಣಿಸಬಹುದಿತ್ತು. ಯಾಕೆ? ಒಳಗೇನಿದೆ? ಅಪ್ಪ "ಮುದಕಾಗೇತಿ ಬಿಡು" ಎಂದು ಹಾರಿಸುತ್ತಿದ್ದ. ಕೊನೆಗೆ ಹಟ ಹಿಡಿದು ಅವನನ್ನು ಮೆಕ್ಯಾನಿಕ್ ದಸ್ತಗೀರ ಕಾಕಾನ ಅಂಗಡಿಗೆ ಎಳೆದೊಯ್ದೆ.

ಕಾಕಾ ಮೀಟರ್ ಬಿಚ್ಚಿದ. "ನೋಡ ತಂಗಿ, ಈ ಚುಂಬಕ ತಿರಗತೈತಿ. ಮುಳ್ಳ ಕೂಡಿಸಿದ ಈ ಬಟ್ಟಲಾ ಅದನ್ನ ಮುಟ್ಟೂದಿಲ್ಲ, ಆದ್ರೂ ಬೆನ್ನ ಹತ್ತತೈತಿ."

"ಮುಟ್ಟಲಾರದ ಹೆಂಗ ತಿರಗತೈತಿ ಕಾಕಾ?"

"ಅದನ್ನ ನಿಮ್ಮ ಸಾಲಿ ಮಾಸ್ತರನ್ನ ಕೇಳು. ನನಗ ಬಿಚ್ಚೂದಷ್ಟ ಗೊತ್ತು." ಆಮೇಲೆ ಕಂದು ಬಣ್ಣದ ಅಂಟನ್ನು ಉಗುರಿನಿಂದ ಕೆರೆದು ನಕ್ಕ. "ಇದಕ್ಕ ಕುಸುಬಿ ಎಣ್ಣಿ ಕುಡಿಸಿದವರು ಯಾರ್ರಿ? ಕೇಬಲ್ ಹಿಡದು ಮ್ಯಾಲ ಹತ್ತಿ ಗೋಂದ ಆಗೇತಿ, ಮುಳ್ಳ ಪೂರಾ ಏಳಾಕ ಬಿಡೂದಿಲ್ಲ!"

ನಮ್ಮ ಅಡುಗೆಮನೆಯ ಎಣ್ಣೆ ಡಬ್ಬಿಯ ಬಾಯಿಗೆ ಮೆತ್ತಿರುತ್ತಿದ್ದದ್ದೂ ಅದೇ ಅಂಟು. ಕಾಕಾ ಪೆಟ್ರೋಲಿನಿಂದ ತೊಳೆದ ಮೇಲೆ ಊದಿದರೂ ಮುಳ್ಳು ನಡುಗುತ್ತಿತ್ತು. ನಾನು ಕುಣಿದಾಡಿದೆ, ಅಪ್ಪ ಮುಳ್ಳನ್ನೊಮ್ಮೆ ನೋಡಿ ರೊಕ್ಕ ಎಣಿಸಿ ಕೊಟ್ಟ.

ಮುಂದಿನ ರವಿವಾರ ಝಳಕಿ ಹಾದಿ. ಅಪ್ಪನ ಕೈ ಆಕ್ಸಿಲರೇಟರನ್ನು ಎಂದಿನಷ್ಟೇ ತಿರುವಿತು. ಮುಳ್ಳು ಸರಕ್ಕನೆ ಎದ್ದು ನಿಂತಿತು. ನಾನು ಖುಷಿಯಲ್ಲಿ ಚೀರಿದೆ: "ಅವ್ವಾ, ನೋಡ, ಅರವತ್ತು!"

ಅವ್ವನ ಮಾತು ಅರ್ಧಕ್ಕೇ ನಿಂತಿತು. "ಗಾಡಿ ನಿಲ್ಲಸ್ರಿ."

ಇಳಿದಳು. ಅಪ್ಪ ಮೆಲ್ಲಗೆ ಹೇಳಿದ, "ಇಷ್ಟ ವರ್ಷ ಹಿಂಗ ಬಂದೇವಲ್ಲ, ಏನಾಗೇತಿ?"

"ಮುಳ್ಳಿಗೇನ್ ತಿಳಿತೈತ್ರಿ? ನಿಮಗ ಗೊತ್ತಿತ್ತಲ್ಲ."

ಜೋಳದ ಹೊಲಗಳ ನಡುವೆ ಅವ್ವ ನಡೆದಳು. ಅಪ್ಪ ಗಾಡಿ ನೂಕುತ್ತ ಹಿಂದೆ. ಸುಮಾರು ದೂರ ಹೋದ ಮೇಲೆ ತಾನೇ ಹತ್ತಿ ಕುಳಿತಳು.

ಆಮೇಲೆ ಅಪ್ಪ ಎಂದೂ ನಲವತ್ತು ದಾಟಿಸಲಿಲ್ಲ. ಅವ್ವ ಮಾತ್ರ ಹಾದಿಯುದ್ದಕ್ಕೂ ಮುಳ್ಳನ್ನೇ ನೋಡುತ್ತ ಸುಮ್ಮನೆ ಕೂರುತ್ತಿದ್ದಳು. ಅರವತ್ತು ಎಂದು ಚೀರಿದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಹುಡುಗಿಯಾಗಿದ್ದ ಅವ್ವನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮೀಟರ್ ಕೆಟ್ಟಿದ್ದ ವರ್ಷಗಳಲ್ಲಿ ಕೇಳಿದ್ದು. ಅವಳಿಗೆ ಹನ್ನೆರಡು ತುಂಬುವವರೆಗಿನ ಕತೆ ನನ್ನ ಬಳಿ ಇದೆ, ಮುಂದಿನದು ಇಲ್ಲ.