ಗಾಜಿನಂಗಡಿಯಮ್ಮನ ಕೆಂಪು ಗಾಡಿ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಕೆಲಸ, ತುಮಕೂರಿನ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವುದು. ಯುಗಾದಿಗೆ ಮುಂಚೆ ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಶುರು ಮಾಡುತ್ತೇವೆ. ನಾನು ಏಣಿ ಹತ್ತಿ ಪೆಟ್ಟಿಗೆ ಕೊಡುತ್ತೇನೆ, ಅವಳು ಕೆಳಗೆ ಇಳಿಸಿಕೊಳ್ಳುತ್ತಾಳೆ.

ಏಳನೆಯ ಪೆಟ್ಟಿಗೆಯನ್ನು ಪ್ರತಿವರ್ಷ ಧೂಳು ಒರೆಸಿ ಹಾಗೆಯೇ ಮೇಲಿಡುತ್ತಿದ್ದೆ. ಈ ಸಲ ಅದರ ತಳ ಹರಿದಿತ್ತು, ಬಿಚ್ಚಲೇಬೇಕಾಯಿತು. ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಹಳೆಯ ಸ್ಪ್ರೇ ಬಣ್ಣ, ಒಣಗಿದ ಮರಗೆಲಸದ ಅಂಟು, ಅದರಡಿಯಲ್ಲೆಲ್ಲೋ ಒಂಚೂರು ಅಂಟುವಾಳ... ಒಳಗೆ ಹತ್ತಿರ ಹತ್ತಿರ ಮೊಳದುದ್ದದ ಎರಡು ಪ್ಲಾಸ್ಟಿಕ್ ಕಾರಿನ ಬಾಡಿಗಳಿದ್ದವು. ಒಂದು ಕೆಂಪು, ಒಂದು ಬಿಳಿ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗುಬ್ಬಿಯ ಗಾಜಿನಂಗಡಿಯಮ್ಮ ಎದುರಿಗೆ ಬಂದು ನಿಂತ ಹಾಗಾಯಿತು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ನಾನಾಗ ಪಾಲಿಟೆಕ್ನಿಕ್ ಒಂದರಲ್ಲಿ ವರ್ಕ್‌ಶಾಪ್ ಮೇಷ್ಟ್ರು. ರಿಮೋಟಿನಿಂದ ಓಡುವ ಮಾದರಿ ಕಾರಿನ ಹುಚ್ಚು ಹಿಡಿದವರು ನಮ್ಮ ಕಡೆ ಮೂರೇ ಜನ: ನಾನು, ತುಮಕೂರಿನ ಟೈರ್ ಅಂಗಡಿ ಸಾಹುಕಾರರು, ಕುಣಿಗಲ್ಲಿನ ಹಲ್ಲಿನ ಡಾಕ್ಟರು. ಒಂದು ಸಲ ಬೆಂಗಳೂರಿನ ಹವ್ಯಾಸಿಗಳು ನಮ್ಮ ಜೊತೆ ಪಂದ್ಯ ಆಡಲು ಒಪ್ಪಿದರು. ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪದ ಸಿಮೆಂಟ್ ಅಂಗಳದಲ್ಲಿ, ಭಾನುವಾರ ಒಂಬತ್ತಕ್ಕೆ. ತಂಡಕ್ಕೆ ಮೂರು ಗಾಡಿ ಇರಲೇಬೇಕು. ಗಾಡಿಯ ಮೈಗೆ ಬಣ್ಣ ಹಾಕಿರಬೇಕು, ಆದರೆ ಕಿಟಕಿಗಳು ಪಾರದರ್ಶಕವಾಗಿಯೇ ಉಳಿಯಬೇಕು. ಇವು ಅವರ ನಿಯಮ.

ಸಾಹುಕಾರರ ನೆಂಟರೊಬ್ಬರು ಸಿಂಗಾಪುರದಿಂದ ನನಗೆ ಎರಡು ಬಾಡಿಗಳನ್ನೂ ಅವಕ್ಕೆ ಹೊಂದುವ ಬಣ್ಣದ ಡಬ್ಬಿಗಳನ್ನೂ ತಂದುಕೊಟ್ಟಿದ್ದರು. ಬಾಡಿ ಎಂದರೆ ಗಾಜಿನಷ್ಟು ಸ್ವಚ್ಛವಾದ ತೆಳು ಪ್ಲಾಸ್ಟಿಕ್. ಇದಕ್ಕೆ ಬಣ್ಣವನ್ನು ಒಳಗಡೆಯಿಂದ ಹೊಡೆಯಬೇಕು. ಆಗ ಗಾಡಿ ಎಷ್ಟು ಉರುಳಿದರೂ ಬಣ್ಣಕ್ಕೆ ಗೀರು ಬೀಳದು. ಹೊರಮೈಗೆ ಒಂದು ತೆಳು ಪಾರದರ್ಶಕ ಹಾಳೆ ಅಂಟಿರುತ್ತದೆ, ಅದನ್ನು ಎಲ್ಲ ಮುಗಿದ ಮೇಲೆ ಸುಲಿಯಬೇಕು.

ಒಳಗಡೆಯಿಂದ ಎನ್ನುವುದು ನನಗೆ ಗೊತ್ತಿತ್ತು. ಆದರೆ ಕೈಗೆ ಅಭ್ಯಾಸ ಬೇರೆ ಇತ್ತು. ಮೊದಲು ಪ್ರೈಮರಿನ ಬಿಳಿ ಅಸ್ತರಿ, ಆಮೇಲೆ ಬಣ್ಣ, ಕೊನೆಗೆ ಗೆರೆ ಮತ್ತು ಅಕ್ಷರ. ಇದನ್ನು ಎಷ್ಟೋ ಬ್ಯಾಚುಗಳಿಗೆ ಬೋರ್ಡಿನ ಮೇಲೆ ಬರೆಸಿ, ಬಾಯಿಪಾಠ ಮಾಡಿಸಿದವನು ನಾನು. ಬುಧವಾರ ಅದೇ ಕ್ರಮದಲ್ಲಿ ಬಾಡಿಯ ಒಳಮೈಗೆಲ್ಲ ಬಿಳಿ ಹೊಡೆದೆ. ಒಣಗಿಸಿದೆ. ಅದರ ಮೇಲೆ ಕೆಂಪು ಹೊಡೆದೆ. ಕಿಟಕಿಗಳಿಗೆ ಬಣ್ಣ ತಾಗದಂತೆ ಅಂಟಿಸಿದ್ದ ಟೇಪಿನ ಪಟ್ಟಿ ಕೀಳುವ ಮುಂಚೆ ತಿರುಗಿಸಿ ನೋಡಿದರೆ ಹೊರಗಿನಿಂದ ಇಡೀ ಗಾಡಿ ಬೆಳ್ಳಗೆ! ಕೆಂಪು ಬಿಳಿಯ ಬೆನ್ನ ಹಿಂದೆ ಅಡಗಿ ಕೂತಿತ್ತು. ಸಾಲದ್ದಕ್ಕೆ ಪಟ್ಟಿಯ ಅಂಚಿನೊಳಗೂ ಬಣ್ಣ ನುಗ್ಗಿ ಕಿಟಕಿಗಳು ಮಬ್ಬಾಗಿದ್ದವು.

ಡಾಕ್ಟರು ನೋಡಿ ನಕ್ಕರು. "ಏನ್ ಮೇಷ್ಟ್ರೇ, ಗಾಡಿಗೆ ಸುಣ್ಣ ಹೊಡ್ಸಿದೀರಾ? ಇನ್ನು ಕೆಮ್ಮಣ್ಣು ಪಟ್ಟೆ ಬಳಿದ್ರೆ ಗುಡಿ ಗೋಡೆನೇ!"

ಸಾಹುಕಾರರು ನಗಲಿಲ್ಲ. ಉಳಿದದ್ದು ಒಂದೇ ಬಾಡಿ. ಅದೂ ಕೆಟ್ಟರೆ ಎರಡೇ ಗಾಡಿ, ಎರಡು ಗಾಡಿಗೆ ತಂಡವೇ ಇಲ್ಲ, ಬೆಂಗಳೂರಿನವರು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು. ಅವರು ತಮ್ಮ ಗಲ್ಲಾದ ಹಿಂದಿದ್ದ ಗಾಜಿನ ಬೋರ್ಡನ್ನು ತೋರಿಸಿದರು. "ಇದೂ ಹಿಂದ್ಗಡೆಯಿಂದ್ಲೇ ಬರ್ದಿರೋದು ಕಣ್ರೀ. ಗುಬ್ಬಿ ಹೆಂಗಸು. ನಿಮ್ಮ ಕೈ ಸಾಕು, ಆಯಮ್ಮನ ಹತ್ರ ತಗೊಂಡ್ಹೋಗಿ."

ಶನಿವಾರ ಮೊದಲ ಬಸ್ಸಿಗೆ ಗುಬ್ಬಿಗೆ ಹೋದೆ. ಫೋಟೋಗೆ ಕಟ್ಟು ಹಾಕುವ ಸಣ್ಣ ಅಂಗಡಿ. ಗೋಡೆಯ ತುಂಬ ಗಾಜಿನ ಮೇಲೆ ಬರೆದ ದೇವರುಗಳು, ಅಂಗಡಿಗಳ ಹೆಸರುಗಳು. ಐವತ್ತೈದರ ಆಸುಪಾಸಿನ ಆಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಗಾಜನ್ನಿಟ್ಟುಕೊಂಡು ಅಕ್ಷರಗಳನ್ನು ಬಲದಿಂದ ಎಡಕ್ಕೆ ತಿರುಗುಮುರುಗಾಗಿ ಬರೆಯುತ್ತಿದ್ದರು. ನಾವು ಸಹಿ ಹಾಕುವಷ್ಟು ಸಲೀಸಾಗಿ.

ನನ್ನ ಬಿಳಿ ಗಾಡಿಯನ್ನು ಆಚೀಚೆ ತಿರುಗಿಸಿ ನೋಡಿ ಹೇಳಿದರು. "ಗಾಜಿನ ಕೆಲ್ಸ ಮದುವೆ ಪಂಕ್ತಿ ಇದ್ದಂಗೆ ಮೇಷ್ಟ್ರೇ. ಮೊದ್ಲು ಬಂದೋರೇ ಮುಂದೆ ಕೂರೋದು. ನಿಮ್ ಬಿಳಿ ಮೊದ್ಲೇ ಬಂದು ಎಲೆ ಹಾಕ್ಕೊಂಡು ಕೂತ್ಬುಟ್ಟೈತೆ. ಕೆಂಪು ಪಾಪ, ಹಿಂದೆ ನಿಂತೈತೆ."

ನಾನು ರಾತ್ರಿಯೇ ಬರೆದಿಟ್ಟಿದ್ದ ಕೆಲಸದ ಪಟ್ಟಿಯನ್ನು ಅವರ ಮುಂದಿಟ್ಟೆ. ಯಾವ ಗಂಟೆಗೆ ಯಾವ ಬಣ್ಣ, ಎಷ್ಟು ಹೊತ್ತು ಒಣಗಬೇಕು, ಎಲ್ಲ ಅದರಲ್ಲಿತ್ತು. ಅವರು ಓದಿದರು, ತಲೆಯಾಡಿಸಿದರು, ಡಬ್ಬಿಯನ್ನು ಚೆನ್ನಾಗಿ ಅಲುಗಿಸಿ ಮೊದಲ ಹನಿಯನ್ನು ಆ ಹಾಳೆಯ ಮೇಲೆಯೇ ಹೊಡೆದು ನೋಡಿದರು. "ಹಾಳೆ ಒಳ್ಳೇದೈತೆ," ಎಂದರು.

ಹೊಸ ಬಾಡಿಯನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಬಟ್ಟೆ ಮುಟ್ಟಿಸದೆ ಒಣಗಿಸಿದರು. ಕಿಟಕಿಗಳಿಗೆ ಪಟ್ಟಿ ಅಂಟಿಸಲಿಲ್ಲ. ಬದಲಿಗೆ ಮರಗೆಲಸದ ಬಿಳಿ ಅಂಟನ್ನು ಅವುಗಳ ಮೇಲೆ ಒಳಗಡೆಯಿಂದ ಮೂರು ಸಲ ಬಳಿದರು. ಒಣಗಿದ ಮೇಲೆ ಅದು ಹಾಲಿನ ಕೆನೆಯ ಹಾಗೆ ಒಂದು ಪೊರೆಯಾಯಿತು. ಕಿಟಕಿಯ ಅಂಚಿನಗುಂಟ ಬ್ಲೇಡಿನ ತುದಿಯಿಂದ ಕೊಯ್ದು, ಆಚೆ ಹೆಚ್ಚಾದ ಪೊರೆಯನ್ನು ತೆಗೆದರು. ಪ್ಲಾಸ್ಟಿಕ್ಕಿಗೆ ಒಂದು ಗೀರೂ ಬೀಳಲಿಲ್ಲ. ಕೊನೆಗೆ ಕಿಟಕಿಯ ಪೊರೆಯನ್ನು ಕಿತ್ತರೆ ಮೇಲೆ ಕೂತ ಬಣ್ಣವೂ ಅದರ ಜೊತೆಗೇ ಬರುತ್ತದಂತೆ. ನಮ್ಮ ವರ್ಕ್‌ಶಾಪಿನಲ್ಲಿ ಯಾರಿಗೂ ಹೊಳೆಯದ ಉಪಾಯ.

"ನೀವು ಹೋಗಿ ಕಾಫಿ ಕುಡ್ಕೊಂಡು ಬನ್ನಿ."

"ಈಗಷ್ಟೇ ಕುಡಿದೆ."

"ಇನ್ನೊಂದು ಕುಡೀರಿ. ನೀವು ಹಿಂಗೆ ಗಡಿಯಾರ ನೋಡ್ತಾ ನಿಂತಿದ್ರೆ ನನ್ ಕೈ ಓಡಲ್ಲ."

ಮೂರು ಕಾಫಿ ಮುಗಿಸಿ ಬಂದಾಗ ಕೆಂಪು ಹೊಡೆಯುತ್ತಿದ್ದರು. ಮುಂಜಾನೆ ಗಾಜಿಗೆ ಮಂಜು ಕೂರುವಷ್ಟು ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಮತ್ತೊಂದು ಸಲ, ಮತ್ತೆ ಮತ್ತೆ... ಬಿಳಿ ಎಲ್ಲಕ್ಕಿಂತ ಕೊನೆಗೆ ಬಂತು. ಒಳಗಡೆಯಿಂದ ನೋಡಿದರೆ ಬರೀ ಬಿಳಿ. ಹೊರಗಿನ ಹಾಳೆಯ ಮೇಲೆ ಕೆಂಪಿನ ಧೂಳು ಕೂತು ಏನೂ ಕಾಣುತ್ತಿರಲಿಲ್ಲ. ಕಿಟಕಿಗಳ ಪೊರೆ ಕಿತ್ತು, ಇಡೀ ಬಾಡಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದರು.

"ಸುಲಿದು ಕೊಡಲ್ವೇನಮ್ಮ?"

"ಉಹೂಂ. ನಮ್ಮನೇಲಿ ಬೋರ್ಡಿನ ಮೇಲಿನ ಕಾಗ್ದ ನಾವು ಕೀಳಲ್ಲ. ಮಾಲೀಕನ ಕೈಯೇ ಬೀಳ್ಬೇಕು, ಅದೂ ಬೋರ್ಡು ನಿಲ್ಲೋ ಜಾಗ್ದಲ್ಲೇ. ನಾಳೆ ಕುಣಿಗಲ್ಲಲ್ಲಿ ಸುಲೀರಿ. ನಾನೂ ಬರ್ತೀನಿ." ಆಮೇಲೆ ಬಿಳಿ ಗಾಡಿಯನ್ನು ನನ್ನ ಕೈಗಿಟ್ಟರು. "ಇದನ್ನೂ ಎಸೀಬೇಡಿ, ಸುಲೀರಿ. ತಪ್ಪಿಗೂ ಒಬ್ಬ ಮಾಲೀಕ ಬೇಕಲ್ಲ."

ಭಾನುವಾರ ಎಂಟೂವರೆಗೆ ಅವರು ಬಸ್ಸಿಳಿದು, ಕೈಯಲ್ಲಿ ಬುತ್ತಿ ಹಿಡಿದು ಮಂಟಪದ ಅಂಗಳಕ್ಕೆ ಬಂದರು. ಬೆಂಗಳೂರಿನವರು ಗಾಡಿಗಳನ್ನು ಸಾಲಾಗಿ ಇಟ್ಟಿದ್ದರು. ಸಾಹುಕಾರರು ನನ್ನ ಕೈಯನ್ನೇ ನೋಡುತ್ತಿದ್ದರು. ದಾರ ಬಿಚ್ಚಿದೆ. ಹಾಳೆಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದೆ.

ಕೆಂಪು. ಹಲಸಿನ ಎಲೆಗೆ ಎಣ್ಣೆ ಸವರಿದಂಥ ಹೊಳಪು. ಕಿಟಕಿಗಳು ಕೊಳದ ನೀರಿನ ಹಾಗೆ ತಿಳಿ. ಬಾನೆಟ್ಟಿನ ಮೇಲಿನ ಹಾಳೆ ಬಂದಾಗ ಅಲ್ಲೊಂದು ಕಪ್ಪು ಕುದುರೆ ಓಡುತ್ತಿತ್ತು! ಕೇಸರದ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಕುದುರೆ ನನ್ನ ಪಟ್ಟಿಯಲ್ಲಿರಲಿಲ್ಲ. ನಾನು ಮೂರು ಕಾಫಿ ಕುಡಿಯುವಷ್ಟರಲ್ಲಿ, ಎಲ್ಲ ಬಣ್ಣಕ್ಕಿಂತ ಮೊದಲು ಬಂದು ಎಲ್ಲರಿಗಿಂತ ಮುಂದೆ ಕೂತಿತ್ತು.

"ಕುಣಿಗಲ್ಲಿಗೆ ಹೋಗೋ ಗಾಡಿ, ಕುದುರೆ ಇಲ್ದೆ ಹೆಂಗೆ?" ಎಂದರು ಆಯಮ್ಮ.

ಬೆಂಗಳೂರಿನ ತಂಡದ ಮುಖಂಡ ಬಗ್ಗಿ ನೋಡಿದ. "ಇದು ಯಾವ ಮಿಷನ್ನಲ್ಲಿ ಮಾಡಿದ್ದು ಸಾರ್?"

"ಯಾವ ಮಿಷನ್ನೂ ಇಲ್ಲಪ್ಪ. ಡಬ್ಬಿ ಬಣ್ಣಾನ ಮುಚ್ಚಳಕ್ಕೆ ಹೊಡ್ಕೊಂಡು, ಅಳಿಲು ಬಾಲದ ಬ್ರಷ್ಷಲ್ಲಿ ಬರ್ದಿದ್ದು," ಎಂದು ನನ್ನ ಪರವಾಗಿ ಆಯಮ್ಮನೇ ಉತ್ತರ ಕೊಟ್ಟರು.

ಪಂದ್ಯದ ನಡುವೆ ಒಂದು ತಿರುವಿನಲ್ಲಿ ಎದುರಾಳಿಯ ಗಾಡಿ ನನ್ನದಕ್ಕೆ ಗುದ್ದಿತು. ನನ್ನ ಗಾಡಿ ಪಲ್ಟಿ ಹೊಡೆದು ತಲೆಕೆಳಗಾಗಿ ಸಿಮೆಂಟಿನ ಮೇಲೆ ಉಜ್ಜಿಕೊಂಡು ಹೋಯಿತು. ಕುದುರೆ ಮುಗಿಯಿತು ಎಂದುಕೊಂಡೆ. ಡಾಕ್ಟರು ಓಡಿಹೋಗಿ ಅದನ್ನು ನೆಟ್ಟಗೆ ನಿಲ್ಲಿಸಿ ಕೂಗಿದರು, "ಎದ್ದೈತೆ ಬುಡಿ ಮೇಷ್ಟ್ರೇ, ಓಡ್ಸಿ!" ಹೊರಮೈಗೆ ಗೀರು ಬಿದ್ದಿತ್ತು. ಒಳಗಿದ್ದ ಕುದುರೆಗೆ ಏನೂ ಆಗಿರಲಿಲ್ಲ. ಓಡಿಸಿದೆ. ಮೂರೂ ಗಾಡಿಗಳ ಸುತ್ತು ಸೇರಿಸಿದಾಗ ಗೆದ್ದವರು ನಾವು! ಬಹುಮಾನದ ಕಪ್ಪನ್ನು ಸಾಹುಕಾರರು ನೇರವಾಗಿ ಆಯಮ್ಮನ ಕೈಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ಹಿಂಬದಿಯನ್ನು ನೋಡಿದರು. ಅಭ್ಯಾಸ.

ಆಮೇಲೆ ಕೆಲವು ವರ್ಷ ಬೆಂಗಳೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಬಾಡಿಗಳು ಬರುತ್ತಿದ್ದವು. ಗೋಡೆಯ ಮೇಲೆ ದೇವರುಗಳ ಸಾಲಿನಲ್ಲೇ ಕಾರುಗಳೂ ತೂಗುತ್ತಿದ್ದವು. ನಾನು ನನ್ನ ತರಗತಿಯಲ್ಲಿ ಬೋರ್ಡಿನ ಮೇಲೆ ಎರಡನೆಯ ಕ್ರಮವೊಂದನ್ನು ಬರೆಸತೊಡಗಿದೆ, ಕೆಳಗಿನಿಂದ ಮೇಲಕ್ಕೆ. ನಿವೃತ್ತಿಯ ನಂತರ ಒಮ್ಮೆ ಗುಬ್ಬಿಗೆ ಹೋದಾಗ ಅಲ್ಲಿ ಚಪ್ಪಲಿ ಅಂಗಡಿ ಇತ್ತು. ಆಯಮ್ಮ ತೀರಿಹೋಗಿ ವರ್ಷ ಕಳೆಯಿತು ಎಂದು ಪಕ್ಕದ ಕಾಫಿ ಅಂಗಡಿಯವನು ಹೇಳಿದ. ನನಗೆ ತಿಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ... ಅಲ್ಲಿಯೇ ನಿಂತು ಒಂದು ಕಾಫಿ ಕುಡಿದೆ. ಮೂರು ಕುಡಿಯಲಾಗಲಿಲ್ಲ.

"ಬಿಳಿದನ್ನ ಗುಜರಿಗೆ ಹಾಕ್ಲಾ?" ಎಂದು ಹೆಂಡತಿ ಕೇಳಿದಳು.

ಬೇಡ ಎಂದೆ. ಅದರ ಹಾಳೆಯನ್ನು ನಾನು ಇಷ್ಟು ವರ್ಷವೂ ಸುಲಿದಿರಲಿಲ್ಲ. ಹಳೆಯದಾಗಿ ಗಟ್ಟಿಯಾಗಿತ್ತು, ಚೂರು ಚೂರೇ ಬಂತು. ಮುಕ್ಕಾಲು ಗಂಟೆ ಹಿಡಿಯಿತು. ಅಡಿಯಲ್ಲಿದ್ದ ಬಿಳಿ ಮೊನ್ನೆ ಹೊಡೆದ ಹಾಗೆ ಹೊಳೆಯುತ್ತಿತ್ತು. ಕಿಟಕಿಗಳ ಮಬ್ಬು ಬಿಟ್ಟರೆ ಒಂದು ಕಡೆಯೂ ಸೋರಿಲ್ಲ, ಒಂದು ಗುಳ್ಳೆಯೂ ಇಲ್ಲ.

ಎರಡನ್ನೂ ಹಾಲಿನ ಷೋಕೇಸಿನಲ್ಲಿಟ್ಟೆ, ಕೆಂಪಿನ ಪಕ್ಕದಲ್ಲೇ ಬಿಳಿ. ಹನ್ನೊಂದು ಹತ್ತಕ್ಕೆ ಏಣಿ ಮಡಚಿ ಒಳಗಿಟ್ಟೆ.